ಸ್ಟೀಲ್ ಡಬ್ಬಿಯಲ್ಲಿಟ್ಟ ಬ್ಯಾಟರಿ

ಬಿಳಿ ಬಟ್ಟೆ ಒಂದು ಕಡೆ, ಬಣ್ಣದ ಬಟ್ಟೆ ಒಂದು ಕಡೆ ಮಾಡಿಟ್ಟು ಶ್ರೀವಿದ್ಯಾ ಗಂಡನ ಪ್ಯಾಂಟಿನ ಜೇಬುಗಳನ್ನು ಹೊರಕ್ಕೆ ಎಳೆಯುತ್ತಿದ್ದಳು. ಶನಿವಾರ ಬೆಳಗಿನ ಕೆಲಸ ಅದು. ಪರದೇಶದ ಸ್ಯಾಂಡ್ರಿಂಗಮ್‌ನ ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಅಂದಿನಿಂದಲೂ ಅವನ ಜೇಬು ಖಾಲಿ ಮಾಡುವುದು ಅವಳೇ. ಬಸ್ ಕಾರ್ಡು, ಮೂಲೆಯಂಗಡಿಯ ಚೀಟಿ, ಏಲಕ್ಕಿ ಸಿಪ್ಪೆ, ಒಂದಿಷ್ಟು ಚಿಲ್ಲರೆ. ಏಲಕ್ಕಿ ಸಿಪ್ಪೆ ಹೆಚ್ಚಿದ್ದರೆ ಆ ವಾರ ಆಫೀಸಿನಲ್ಲಿ ತಲೆಬಿಸಿ ಇತ್ತು ಎಂದು ಲೆಕ್ಕ. ಚಂದ್ರಹಾಸ ಬಾಯಿಬಿಟ್ಟು ಹೇಳದ್ದನ್ನು ಅವಳು ಜೇಬಿನಿಂದ ಓದಿಕೊಳ್ಳುತ್ತಿದ್ದಳು.

ಇವತ್ತು ಎರಡು ಬ್ಯಾಟರಿಗಳು ಸಿಕ್ಕವು. ಟಿವಿ ರಿಮೋಟಿಗೆ ಹಾಕುವಂಥವಲ್ಲ, ಹೆಬ್ಬೆರಳಿನಷ್ಟು ದಪ್ಪ. ಒಂದರ ನೀಲಿ ಪ್ಲಾಸ್ಟಿಕ್ ಹೊದಿಕೆ ಮೇಲ್ತುದಿಯಲ್ಲಿ ಹರಿದು ಒಳಗಿನ ಲೋಹ ಇಣುಕುತ್ತಿತ್ತು. ವೇಪಿನದು ಎಂದು ಅವಳಿಗೆ ತಿಳಿಯಿತು. ಸಿಗರೇಟು ಬಿಡುತ್ತೇನೆಂದು ಎರಡು ವರ್ಷದ ಹಿಂದೆ ಅವನು ಹಿಡಿದದ್ದು ಈ ವೇಪ್. ಬ್ಯಾಟರಿಯ ಕರೆಂಟಿಗೆ ಒಳಗಿನ ತಂತಿ ಕಾದು ದ್ರವ ಆವಿಯಾಗುತ್ತದೆ, ಅದನ್ನು ಬಾಯಲ್ಲಿ ಎಳೆಯುವುದು. ಸಿಗರೇಟೇನೋ ಹೋಯಿತು, ಇದು ಉಳಿಯಿತು.

ವಾಷಿಂಗ್ ಮೆಷಿನ್ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ನಮ್ಮ ಮನೆಗಳಲ್ಲಿ ಯಾವುದಕ್ಕೆ ಸ್ಟೀಲ್ ಡಬ್ಬಿ ಇಲ್ಲ? ಸಾಸಿವೆಗೆ, ಸೂಜಿದಾರಕ್ಕೆ, ಊರಿಂದ ತಂದ ಕುಂಕುಮಕ್ಕೆ, ಕೊನೆಗೆ ಇನ್ನೊಂದು ಡಬ್ಬಿಯ ಮುಚ್ಚಳಕ್ಕೂ. ಜೇಬಲ್ಲಿ ಸಿಕ್ಕ ಚಿಲ್ಲರೆ, ಪಿನ್ನು, ಬೀಗದಕೈಗಳೆಲ್ಲ ಈ ಡಬ್ಬಿಗೆ ಬೀಳುತ್ತಿದ್ದವು. ಬ್ಯಾಟರಿಗಳೂ ಬಿದ್ದವು. ಭದ್ರವಾಗಿರಲಿ ಎಂದು ಅವಳು ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಲೀಲಾ. ಮಂಗಳೂರಿನವಳು, ಇಲ್ಲಿನ ದೊಡ್ಡಾಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ನರ್ಸು. ಇಬ್ಬರೂ ಪುಕೆಕೊಹೆಗೆ ಹೋಗಿ ಹೊಲದ ಬದಿಯ ಅಂಗಡಿಯಿಂದ ಈರುಳ್ಳಿ, ಹೂಕೋಸು ತರುವುದೆಂದು ಮಾತಾಗಿತ್ತು.

"ಎಂತ ಚಂದ್ರಹಾಸಣ್ಣ, ಈ ಚಳಿಯಲ್ಲಿ ಮಾವಿನಹಣ್ಣಿನ ಪರಿಮಳ? ಎಲ್ಲಿ, ನಮಗೂ ಒಂದು ಹೋಳು ಕೊಡಿ," ಎಂದಳು ಒಳಗೆ ಬರುತ್ತಲೇ.

ಊಟದ ಮೇಜಿನ ಹತ್ತಿರ ಕೂತಿದ್ದ ಚಂದ್ರಹಾಸ ಮಾವಿನ ಪರಿಮಳದ ವೇಪನ್ನು ಪತ್ರಿಕೆಯ ಹಿಂದೆ ಇಳಿಸಿದ. "ಇರಮ್ಮ, ನೀನೂ ಶುರು ಮಾಡ್ಬೇಡ. ಸಿಗರೇಟಿಗಿಂತ ಇದು ವಾಸಿ."

"ಏನೂ ಇಲ್ಲದ್ದು ಇನ್ನೂ ವಾಸಿ," ಎಂದಳು ಶ್ರೀವಿದ್ಯಾ ಕಾಫಿ ಬಗ್ಗಿಸುತ್ತಾ. "ಜೇಬಲ್ಲಿ ಬ್ಯಾಟರಿ ಬೇರೆ ಬಿಟ್ಟಿದ್ರಿ. ನೀರಿಗೆ ಬೀಳ್ತಿತ್ತು."

"ಅಯ್ಯೋ, ಅದಾ? ವೇಪಿನ ಹಳೇದು ವೀಕಾಗಿತ್ತು. ಬದಲಾಯಿಸಿದೆ. ಜೇಬಲ್ಲಿದ್ದವು ಸ್ಪೇರ್ ಜೋಡಿ." ಚಂದ್ರಹಾಸನಿಗೆ ಹುರುಪು ಬಂತು. "ಅಂಗಡಿಗೆ ಹೋಗಲಿಲ್ಲ ಲೀಲಾ. ನಮ್ಮ ಹಳೇ ಲ್ಯಾಪ್‌ಟಾಪ್ ಇತ್ತಲ್ಲ, ಅದರ ಬ್ಯಾಟರಿ ಪ್ಯಾಕ್ ಬಿಚ್ಚಿದೆ. ಒಳಗೆ ಇಂಥವೇ ಇರುತ್ತವೆ. ಎಸೆಯೋದ್ಯಾಕೆ?"

ಲೀಲಾ ಲೋಟ ಕೆಳಗಿಟ್ಟಳು. "ಲ್ಯಾಪ್‌ಟಾಪಿನದ್ದು ವೇಪಿಗೆ ಹಾಕಿದ್ದಾ?"

"ಹೂಂ. ಸೈಜು ಒಂದೇ, ಓಲ್ಟೇಜು ಒಂದೇ. ನಾನು ಎಲೆಕ್ಟ್ರಿಕಲ್ ಇಂಜಿನಿಯರ್ ಕಣಮ್ಮ. ಮೈಸೂರಲ್ಲಿ ಓದಿದ್ದು ಸುಮ್ಮನೇನಾ?"

"ಸೈಜು ಒಂದೇ ಆದರೆ ಸಾಕಾ? ನನ್ನ ಚಪ್ಪಲಿ ಸೈಜೂ ವಿದ್ಯಕ್ಕಂದೂ ಒಂದೇ. ಹಾಗಂತ ಮನೆ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತಲಿಕ್ಕೆ ಆಗ್ತದಾ? ಲ್ಯಾಪ್‌ಟಾಪಿನದ್ದು ನಿಧಾನಕ್ಕೆ ಕರೆಂಟು ಕೊಡ್ಲಿಕ್ಕೆ ಮಾಡಿದ್ದು. ವೇಪು ಒಂದೇ ದಮ್ಮಿಗೆ ಎಳೀತದೆ. ಮತ್ತೆ ಆ ಪ್ಯಾಕಿನಲ್ಲಿ ಕಾಯ್ಲಿಕ್ಕೆ ಒಂದು ಸರ್ಕ್ಯೂಟು ಉಂಟು. ಬಿಚ್ಚಿದ ಮೇಲೆ ಬ್ಯಾಟರಿಗೆ ಯಾರೂ ದಿಕ್ಕಿಲ್ಲ."

"ನೀನು ನರ್ಸಾ, ಇಂಜಿನಿಯರಾ?"

"ನರ್ಸೇ. ಅದಕ್ಕೇ ಹೇಳೋದು. ಜೇಬಲ್ಲಿ ಬೀಗದಕೈ ಜೊತೆ ಬ್ಯಾಟರಿ ಇಟ್ಟವರ ತೊಡೆ ನಾನು ನೋಡಿದ್ದೇನೆ. ನೀವು ನೋಡಿಲ್ಲ." ಲೀಲಾಳ ದನಿಯಲ್ಲಿ ಈಗ ನಗು ಇರಲಿಲ್ಲ. "ಬ್ಯಾಟರಿಯ ಮೇಲಿನ ಗುಂಡಿ ಮಾತ್ರ ಪ್ಲಸ್. ಉಳಿದ ಮೈಯೆಲ್ಲ ಮೈನಸ್. ನಡುವೆ ಇರೋದು ಆ ತೆಳು ಪ್ಲಾಸ್ಟಿಕ್ ಹೊದಿಕೆ ಒಂದೇ. ಅದು ಹರಿದ ಕಡೆ ಒಂದು ನಾಣ್ಯ ತಾಗಿದರೆ ಸಾಕು."

ಶ್ರೀವಿದ್ಯಾ ಕಾಫಿ ಪಾತ್ರೆ ಕೆಳಗಿಟ್ಟಳು. "ಒಂದರದು ಹರಿದಿತ್ತು ಲೀಲಾ. ನಾನು... ಡಬ್ಬಿಗೆ ಹಾಕಿದೆ. ಚಿಲ್ಲರೆ ಡಬ್ಬಿಗೆ."

"ಎಂಥಾ ಡಬ್ಬಿ?"

"ಸ್ಟೀಲಿಂದು."

ಅವಳು ಆ ಮಾತು ಮುಗಿಸುವುದಕ್ಕೂ ಬಟ್ಟೆ ಒಗೆಯುವ ಕೋಣೆಯಿಂದ ಸುಸ್ಸೆಂದು ಸದ್ದು ಬರುವುದಕ್ಕೂ ಸರಿಹೋಯಿತು. ಕುಕ್ಕರ್ ಕೂಗುವ ಮೊದಲು ಬರುವಂಥ ಸದ್ದು. ಆದರೆ ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ಮರುಕ್ಷಣ ಢಬ್ ಎಂದಿತು. ಡಬ್ಬಿಯ ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಅರೆತೆರೆದಿದ್ದ ಬಾಗಿಲಿನಿಂದ ಬಿಳಿ ಹೊಗೆ ಬಂತು, ಹಿಂದೆಯೇ ಮೂಗು ಸುಡುವ ವಾಸನೆ. ಬಟ್ಟೆಯ ಬುಟ್ಟಿ ಹೊತ್ತಿಕೊಂಡಿತ್ತು.

ಚಂದ್ರಹಾಸ ಒಳಗೆ ನುಗ್ಗಲು ಹೊರಟ. "ಸಿಂಕಿಗೆ ಹಾಕ್ತೀನಿ!"

"ಮುಟ್ಟಬೇಡಿ!" ಲೀಲಾ ಅವನ ಅಂಗಿ ಹಿಡಿದು ಜಗ್ಗಿದಳು. "ಇನ್ನೊಂದು ಬ್ಯಾಟರಿ ಸಿಡೀತದೆ. ಆ ಹೊಗೆ ಕುಡಿಬೇಡಿ. ಹೊರಗೆ, ಎಲ್ಲ ಹೊರಗೆ!" ಕೋಣೆಯ ಬಾಗಿಲನ್ನು ಎಳೆದು ಮುಚ್ಚಿ, ಇಬ್ಬರನ್ನೂ ತಳ್ಳಿಕೊಂಡೇ ಹೊರಗೆ ಬಂದಳು. ಹುಲ್ಲಿನ ಮೇಲೆ ನಿಂತು ತುರ್ತು ನಂಬರಾದ ಒಂದು ಒಂದು ಒಂದಕ್ಕೆ ಫೋನ್ ಮಾಡಿದಳು. ಒಳಗೆ ಎರಡನೆಯ ಢಬ್ ಕೇಳಿಸಿತು.

ಶ್ರೀವಿದ್ಯಾ ಬರಿಗಾಲಲ್ಲಿ ನಿಂತಿದ್ದಳು. ಹುಲ್ಲಿನ ಮಂಜು ಕೊರೆಯುತ್ತಿತ್ತು. ಅವಳಿಗೆ ಮನೆ ಕಾಣುತ್ತಿರಲಿಲ್ಲ, ಗಂಡನ ಪ್ಯಾಂಟು ಕಾಣುತ್ತಿತ್ತು. ನಿನ್ನೆ ಸಂಜೆಯವರೆಗೂ ಅವೇ ಎರಡು ಬ್ಯಾಟರಿ ಆ ಜೇಬಿನಲ್ಲಿ, ಅವನ ತೊಡೆಗೆ ಒತ್ತಿಕೊಂಡು, ತುಂಬಿದ ಬಸ್ಸಿನಲ್ಲಿ ಬಂದಿದ್ದವು.

ಅಗ್ನಿಶಾಮಕದವರು ಬೇಗ ಬಂದರು. ಬೆಂಕಿ ಕೋಣೆ ದಾಟಿರಲಿಲ್ಲ. ಬಾಗಿಲು ಮುಚ್ಚಿದ್ದು ಒಳ್ಳೆಯದಾಯಿತು ಎಂದರು ತಂಡದ ಹಿರಿಯ ಮಹಿಳೆ. ಕಪ್ಪಾಗಿ ಸೊಟ್ಟಗಾದ ಡಬ್ಬಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹೊರಗೆ ತಂದಿಟ್ಟು, ಇದನ್ನು ಮುಟ್ಟಬೇಡಿ, ನಾವೇ ಒಯ್ಯುತ್ತೇವೆ ಎಂದರು. ಚಂದ್ರಹಾಸನ ಕೈಯಲ್ಲಿ ಇನ್ನೂ ಇದ್ದ ವೇಪನ್ನು ನೋಡಿ, ಅದರಿಂದಲೂ ಬ್ಯಾಟರಿ ತೆಗೆಸಿದರು.

"ಯಾರಾದ್ರೂ ಸ್ಟೀಲ್ ಡಬ್ಬಿಗೆ ಬ್ಯಾಟರಿ ಹಾಕ್ತಾರೇನೆ?" ಎಂದ ಚಂದ್ರಹಾಸ, ಅವರು ಅತ್ತ ಹೋದ ಕೂಡಲೇ.

ಲೀಲಾ ಬಾಯಿ ತೆರೆಯುವ ಮೊದಲೇ ಶ್ರೀವಿದ್ಯಾ ಕೇಳಿದಳು. "ಆ ಲ್ಯಾಪ್‌ಟಾಪಿನಲ್ಲಿ ಒಟ್ಟು ಎಷ್ಟು ಬ್ಯಾಟರಿ ಇತ್ತು ರೀ?"

"ಆರು."

"ಎರಡು ಸುಟ್ಟುಹೋಯ್ತು. ಎರಡು ಈಗ ವೇಪಿಂದ ತೆಗೆದ್ರು. ಇನ್ನೆರಡು?"

ಅವನು ಬೇಲಿಯ ಕಡೆ ನೋಡಿದ. "ಅನೂಪ್‌ಗೆ ಕೊಟ್ಟೆ. ಅವನೂ ವೇಪ್ ಸೇದ್ತಾನೆ. ಚಾರ್ಜ್ ಮಾಡೋದನ್ನೂ ತೋರಿಸಿಕೊಟ್ಟೆ."

ಅನೂಪ್ ಅವನ ಆಫೀಸಿನಲ್ಲೇ ಜೊತೆಗೆ ಕೆಲಸ ಮಾಡುವ ಹುಡುಗ. ಪಕ್ಕದ ಬಡಾವಣೆ ಮೌಂಟ್ ಆಲ್ಬರ್ಟ್‌ನಲ್ಲಿ ಮನೆ. ನಾಲ್ಕು ತಿಂಗಳ ಹೆಣ್ಣುಮಗು. ನಾಮಕರಣಕ್ಕೆ ತೊಟ್ಟಿಲು ಅಲಂಕರಿಸಿದ್ದೇ ಶ್ರೀವಿದ್ಯಾ.

"ಫೋನ್ ಮಾಡಿ," ಎಂದಳು.

"ಸೋಮವಾರ ಹೇಗೂ ಸಿಗ್ತಾನೆ. ನಿಧಾನಕ್ಕೆ ಹೇಳ್ತೀನಿ. ಈಗ ಏನಂತ ಹೇಳ್ಲಿ? ನಾನು ಕೊಟ್ಟ ಬ್ಯಾಟರಿ ನನ್ನ ಮನೆಯಲ್ಲೇ ಸಿಡೀತು ಅಂತಲಾ?"

ಬೆಂಕಿಯನ್ನು ಕಂಡಾಗ ಆಗದ ಆಘಾತ ಆ ಮಾತಿಗೆ ಅವಳಿಗಾಯಿತು. ಇಪ್ಪತ್ತನಾಲ್ಕು ವರ್ಷ ಜೊತೆಗೆ ಬಾಳಿದ ಮನುಷ್ಯ, ಎದುರಿಗೆ ಹೊಗೆ ಇನ್ನೂ ಏಳುತ್ತಿರುವಾಗ, ಮಗುವಿಗಿಂತ ಮೊದಲು ಮಾನದ ಲೆಕ್ಕ ಹಾಕುತ್ತಿದ್ದಾನೆ. ಅವಳು ಲೀಲಾಳ ಕೈಯಿಂದ ಫೋನ್ ತೆಗೆದುಕೊಂಡು ಅನೂಪನ ನಂಬರ್ ಒತ್ತಿ, ಸ್ಪೀಕರ್ ಹಾಕಿ ಗಂಡನ ಬಾಯಿಯ ಮುಂದೆ ಹಿಡಿದಳು.

"ಅನೂಪಾ, ನಾನು ಕಣೋ, ಚಂದ್ರಹಾಸ."

"ಅಂಕಲ್, ಮೆಲ್ಲಗೆ ಮಾತಾಡ್ತೀನಿ. ಪಾಪು ಈಗಷ್ಟೇ ಮಲಗ್ತು."

"ನಾನು ಕೊಟ್ಟ ಬ್ಯಾಟರಿ ಎಲ್ಲಿದೆ?"

"ಚಾರ್ಜಿಗೆ ಹಾಕಿದ್ದೀನಲ್ಲ. ನೀವು ತೋರಿಸಿಕೊಟ್ಟ ಹಾಗೇ, ಹಳೇ ಫೋನ್ ಚಾರ್ಜರಿನ ವೈರ್ ಬಿಡಿಸಿ, ಟೇಪ್ ಸುತ್ತಿ. ಇಲ್ಲೇ, ಮಂಚದ ಪಕ್ಕದಲ್ಲೇ ಇದೆ."

ಲೀಲಾ ಫೋನಿನತ್ತ ಬಗ್ಗಿ ಕೇಳಿದಳು. "ಅನೂಪ್, ನಾನು ಲೀಲಾ. ಬ್ಯಾಟರಿಯಿಂದ ಸದ್ದು, ಹೊಗೆ, ವಾಸನೆ ಏನಾದ್ರೂ ಉಂಟಾ?"

"ಹೊಗೆ ಇಲ್ಲ ಆಂಟಿ. ಒಂಥರಾ ಸಿಹಿ ವಾಸನೆ ಬರ್ತಿದೆ. ಬೆಳಗ್ಗೆಯಿಂದ. ನಾವು ಪಾಪು ಪೌಡರ್ ಅಂದ್ಕೊಂಡ್ವಿ. ಇರಿ... ಅಯ್ಯೋ, ಉಬ್ಬಿಕೊಂಡಿದೆ ಆಂಟಿ."

"ಕೈ ಹಾಕಬೇಡ. ಮಗುವನ್ನು ಎತ್ತಿಕೋ. ಹೆಂಡತಿಯನ್ನು ಕರಕೋ. ಕೋಣೆ ಬಾಗಿಲು ಮುಚ್ಚಿ ಹೊರಗೆ ನಡಿ. ಬೀದಿಗೆ ಬಂದ ಮೇಲೆ ಒಂದು ಒಂದು ಒಂದು. ಹೋಗು!"

ಆ ಕಡೆ ಕುರ್ಚಿ ಉರುಳಿದ ಸದ್ದು. ಮಗು ಅತ್ತಿತು. ಫೋನ್ ಕಡಿಯಿತು.

ಅರ್ಧ ಗಂಟೆ ಮೂವರೂ ಹುಲ್ಲಿನ ಮೇಲೇ ಕಾದರು. ಕೊನೆಗೆ ಫೋನ್ ಬಂತು. ಅನೂಪ್ ಅಳುತ್ತಿದ್ದ. ತಾವು ಗೇಟು ದಾಟುವಷ್ಟರಲ್ಲಿ ಮಂಚದ ಪಕ್ಕ ಬೆಂಕಿ ಕಂಡಿತಂತೆ. ಅಗ್ನಿಶಾಮಕದವರು ಆರಿಸಿದರು. ಹಾಸಿಗೆ ಅರ್ಧ ಸುಟ್ಟಿದೆ. ಮಗು ಅವನ ಎದೆಯ ಮೇಲಿದೆ.

ಆಮೇಲೆ ಚಂದ್ರಹಾಸ ವಾದ ಮಾಡಲಿಲ್ಲ. ಅಗ್ನಿಶಾಮಕದ ಮಹಿಳೆ ಹೇಳಿದ್ದನ್ನೆಲ್ಲ ಶಾಲೆಯ ಹುಡುಗನಂತೆ ಕೇಳಿಸಿಕೊಂಡ. ವೇಪಿಂದ ತೆಗೆದ ಎರಡು ಬ್ಯಾಟರಿಗಳ ತುದಿಗೆ ತಾನೇ ಟೇಪ್ ಅಂಟಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹಳೇ ಬ್ಯಾಟರಿ ತೆಗೆದುಕೊಳ್ಳುವ ಕೇಂದ್ರಕ್ಕೆ ಅವತ್ತೇ ಕೊಟ್ಟುಬಂದ. "ವೇಪನ್ನೂ ಬಿಡೋಕೆ ಯಾರಿಗೆ ಫೋನ್ ಮಾಡಬೇಕು ಲೀಲಾ?" ಎಂದು ಕೇಳಿ ನಂಬರ್ ಬರೆದುಕೊಂಡ.

ಮಧ್ಯಾಹ್ನ ಮಸಿ ಒರೆಸುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ. "ವಿದ್ಯಾ, ತಪ್ಪು ನಂದೇ. ಆದ್ರೆ ನಾಳೆ ಕನ್ನಡ ಪಾಠದ ಹಾಲ್‌ನಲ್ಲಿ ಯಾರಿಗೂ ಹೇಳ್ಬೇಡ. ಅಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡೋನು ನಾನು. ಮೇಷ್ಟ್ರು ವೇಪ್ ಸೇದ್ತಾರೆ, ಮನೆ ಸುಟ್ಕೊಂಡ್ರು ಅಂತ ಆಗೋದು ಬೇಡ."

ಶ್ರೀವಿದ್ಯಾ ಬಟ್ಟೆ ಹಿಂಡಿದಳು. ಬಕೆಟ್ಟಿನ ನೀರು ಕಪ್ಪಾಯಿತು. ಭಾನುವಾರದ ಹಾಲ್‌ನಲ್ಲಿ ಮಕ್ಕಳ ಪಾಠ ಮುಗಿಯುವವರೆಗೆ ಹಿಂದಿನ ಸಾಲಿನಲ್ಲಿ ಕಾಯುವ ಹೆಂಗಸರ ಮುಖಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಅವರ ಮನೆಯಲ್ಲೂ ಜೇಬುಗಳಿವೆ. ಗಂಡನದೋ, ಮಗನದೋ, ಮಗಳದೋ. ಅವರಿಗೂ ಯಾರೂ ಏನೂ ಹೇಳಿಲ್ಲ. ನಾಳೆ ಪಾಠ ಮುಗಿದ ಮೇಲೆ ಎದ್ದು ನಿಂತು, ನಡೆದದ್ದನ್ನು ನಡೆದ ಹಾಗೆ, ಡಬ್ಬಿಗೆ ಹಾಕಿದ ತನ್ನ ತಪ್ಪಿನಿಂದಲೇ ಶುರುಮಾಡಿ ಹೇಳುವುದು ಎಂದು ಅವಳು ನಿಶ್ಚಯಿಸಿಕೊಂಡಳು. ಅದನ್ನು ಗಂಡನಿಗೂ ಹೇಳಲಿಲ್ಲ, ಲೀಲಾಳಿಗೂ ಹೇಳಲಿಲ್ಲ. ಗೋಡೆಯ ಇನ್ನೊಂದು ಮೂಲೆಗೆ ಬಟ್ಟೆ ಒಯ್ದಳು.

ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನೀವು ನಾಳೆಯವರೆಗೆ ಕಾಯಬೇಡಿ. ವೇಪನ್ನು ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ಬಿಡಲು ಸಹಾಯ ಮಾಡುವವರಿದ್ದಾರೆ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಬೈಯುವ ಮೊದಲು ಬ್ಯಾಟರಿ ಎಲ್ಲಿದೆ ಎಂದು ಕೇಳಿ. ಆ ಸಾಧನಕ್ಕೆಂದೇ ಹೇಳಿರುವ ಬ್ಯಾಟರಿಯನ್ನು ನಂಬಿಕೆಯ ಅಂಗಡಿಯಿಂದಲೇ ತನ್ನಿ, ಇನ್ನೊಂದರಿಂದ ಬಿಚ್ಚಿದ್ದು ಬೇಡ. ಎರಡು ಬೇಕಿದ್ದರೆ ಎರಡೂ ಒಂದೇ ಜಾತಿಯವು, ಒಟ್ಟಿಗೆ ಕೊಂಡವು ಇರಲಿ. ಹಳೆಯದಕ್ಕೆ ಹೊಸದನ್ನು ಜೋಡಿಸಬೇಡಿ. ಹಾಕುವಾಗ ಪ್ಲಸ್ ಮೈನಸ್ ಗುರುತು ನೋಡಿ ಹಾಕಿ. ವೈರ್ ಕಟ್ಟಿ ಚಾರ್ಜ್ ಮಾಡಬೇಡಿ, ಸರಿಯಾದ ಚಾರ್ಜರ್‌ನಲ್ಲಿ, ನೀವು ಎಚ್ಚರವಿದ್ದು ನೋಡುತ್ತಿರುವಾಗ, ಹಾಸಿಗೆಯಿಂದ ದೂರ ಇಟ್ಟು ಮಾಡಿ. ಹೊದಿಕೆ ಹರಿದದ್ದು, ಉಬ್ಬಿದ್ದು, ಬಿದ್ದು ಜಜ್ಜಿದ್ದು ಮತ್ತೆ ಉಪಯೋಗಿಸಬೇಡಿ. ಬಿಡಿ ಬ್ಯಾಟರಿಗೆ ಜೇಬು ಬೇಡ, ಸ್ಟೀಲ್ ಡಬ್ಬಿ ಬೇಡ, ಪ್ಲಾಸ್ಟಿಕ್ ಪೆಟ್ಟಿಗೆ ಇರಲಿ. ಹಳೆಯದನ್ನು ಕಸದ ಡಬ್ಬಕ್ಕೆ ಹಾಕದೆ ಬ್ಯಾಟರಿ ಕೇಂದ್ರಕ್ಕೆ ಕೊಡಿ. ಬಿಸಿಯಾದರೆ, ಸುಸ್ಸೆಂದರೆ, ವಾಸನೆ ಬಂದರೆ ಮುಟ್ಟಬೇಡಿ. ಬಾಗಿಲು ಮುಚ್ಚಿ ಹೊರಗೆ ಬಂದು 111ಕ್ಕೆ ಫೋನ್ ಮಾಡಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ತೋರಿಸಿ.

ಮತ್ತೆ, ನೀವು ಯಾರಿಗಾದರೂ ಅಂಥ ಬ್ಯಾಟರಿ ಕೊಟ್ಟಿದ್ದರೆ, ನಾಚಿಕೆಯಾದರೂ ಸರಿ, ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಅವರಿಗೆ ಫೋನ್ ಮಾಡಿ.