ಧ್ರುವ ಯಾವುದು

"ಮಾವ, ಧ್ರುವ ಯಾವ್ದು ಅಂತ ತೋರಿಸ್ಬುಡಿ. ಮಿಕ್ಕಿದ್ನೆಲ್ಲ ಕಂಪ್ಯೂಟ್ರೇ ಮಾಡ್ತದೆ," ಎಂದು ಶ್ರೀನಾಥ್ ಕುರ್ಚಿ ಬಿಟ್ಟು ಎದ್ದ.

ಮಂಚಯ್ಯ ಕೂತರು. ಪಾಂಡವಪುರದಲ್ಲಿ ಅಳಿಯ ಹೊಸದಾಗಿ ತೆಗೆದಿದ್ದ ಕಂಪ್ಯೂಟರ್ ಕ್ಲಾಸು ಅದು. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ನಿಂತಿದ್ದರು. ಫ್ಲಾಪಿಯಲ್ಲಿ ತಂದ ಆಟ. ಪರದೆಯ ಮೇಲೆ ಕಪ್ಪು ಸಮುದ್ರ, ನೀರಿನಿಂದ ಮೇಲೆದ್ದ ಸಬ್‌ಮರೀನು, ಆಕಾಶದ ತುಂಬ ಚುಕ್ಕಿ. ಧ್ರುವ ನೀರಂಚಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಹಡಗು ಎಲ್ಲಿದೆಯೆಂದು ತಿಳಿಯುತ್ತದೆ.

"ಇವ್ರು ನೇವಿಲಿ ಚುಕ್ಕಿ ನೋಡ್ಕಂಡೇ ಅಡಗು ನಡೆಸ್ದೋರು ಕಣ್ರಲಾ," ಎಂದ ಶ್ರೀನಾಥ್.

ಕ್ಯಾತನಹಳ್ಳಿಯಲ್ಲಿ ಅವರನ್ನು ನೇವಿ ಮಂಚಯ್ಯ ಎಂದೇ ಕರೆಯುವುದು. ನ್ಯಾಯಕ್ಕೆ ಕೂತರೂ ಮದುವೆಗೆ ಹೋದರೂ ಆ ಹೆಸರಿಗೆ ಮುಂದಿನ ಚಾಪೆ. ಹಡಗಿನಲ್ಲಿ ಅವರು ಕಂಡದ್ದು ಅಡುಗೆಮನೆಯೊಂದೇ. ಅದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಹೆಂಡತಿ ಜಯಲಕ್ಷ್ಮಮ್ಮನಿಗೂ.

ಊರಿನವರು ಹೆಸರು ಹಿಡಿದು ನೋಡುವ ಚುಕ್ಕಿ ಎಂದರೆ ಬೆಳ್ಳಿ. ಬೆಳ್ಳಿ ಮೂಡಿದರೆ ಉಳಲು ಏರು ಕಟ್ಟಬೇಕು. ಹೆಸರಿದ್ದ ಚುಕ್ಕಿ ಹೊಳೆಯಲೇಬೇಕಲ್ಲ. ಎಲ್ಲಕ್ಕಿಂತ ಹೊಳೆಯುತ್ತಿದ್ದುದರ ಮೇಲೆ ಮಂಚಯ್ಯ ಬೆರಳಿಟ್ಟರು.

"ಇದೇ."

"ಸರ್ಯಾಗ್ ನೋಡಿ ಮಾವ."

"ನೋಡ್ದೆ ಬುಡಪ್ಪ. ನಂಗೇ ಯೋಳ್ಕೊಡ್ತೀಯಾ?"

ಶ್ರೀನಾಥ್ ಅಳೆದ. ನಕ್ಷೆ ಬಂತು. ಸಬ್‌ಮರೀನಿನ ಗುರುತು ಸಮುದ್ರ ದಾಟಿ ನೆಲದ ನಟ್ಟನಡುವೆ ಕೂತಿತ್ತು. ಆಕಾಶದಲ್ಲಿ ಒಂದು ಮಂಕು ಚುಕ್ಕಿಯ ಸುತ್ತ ಕಂಪ್ಯೂಟರೇ ಗೆರೆ ಎಳೆಯಿತು. "ಧ್ರುವ ಇದಂತೆ," ಎಂದು ಶ್ರೀನಾಥ್ ಮೆಲ್ಲಗೆ ಓದಿದ.

"ಕಬ್ಬಿನ್ ಗದ್ದೆಗ್ ನುಗ್ಗೋಯ್ತಲ್ಲ ಸಾರ್," ಎಂದಳು ಹಿಂದೆ ನಿಂತಿದ್ದ ರಂಜಿತ. ಎಲ್ಲರೂ ನಕ್ಕರು. ಶ್ರೀನಾಥ್ ಮಾತ್ರ ನಗಲಿಲ್ಲ. ಮಾವನ ಮುಖ ನೋಡಿ, ಬೇರೆ ಕಡೆ ತಿರುಗಿದ. ಮಂಚಯ್ಯನ ಕಿವಿ ಬಿಸಿಯಾಯಿತು.

ಬಾಗಿಲ ಹತ್ತಿರ ಚೀಲ ಹಿಡಿದು ಕೂತಿದ್ದ ಜಯಲಕ್ಷ್ಮಮ್ಮ ಎದ್ದು ಬಂದರು.

"ನಿಮ್ಮಾವಂಗೆ ಕಣ್ಗೆ ಪೊರೆ ಬಂದದೆ ಕಣಪ್ಪ. ಯೋಳ್ಕೊಳಾಕೆ ನಾಚ್ಕೆ. ಸಣ್ ಚುಕ್ಕಿ ಎಲ್ಲಿ ಕಂಡಾತು?"

ಅವತ್ತು ಬೆಳಿಗ್ಗೆ ಆಕೆಯ ಸೂಜಿಗೆ ದಾರ ಪೋಣಿಸಿಕೊಟ್ಟವರು ಮಂಚಯ್ಯನೇ. ಅವರು ಹೆಂಡತಿಯ ಮುಖ ನೋಡಿದರು. ಆಕೆ ಈ ಕಡೆ ತಿರುಗಲಿಲ್ಲ.

"ಮೊದ್ಲೇ ಯೋಳ್ಬಾರ್ದಾ ಅತ್ತೆ," ಎಂದ ಶ್ರೀನಾಥ್. ಅವನ ಮುಖ ಹಗುರಾಗಿತ್ತು. ರಂಜಿತ ನಗು ನಿಲ್ಲಿಸಿ, ದಾರಿಗೆ ಅಡ್ಡವಿದ್ದ ಸ್ಟೂಲನ್ನು ಎಳೆದು ಪಕ್ಕಕ್ಕಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಇನ್ನೂ ಚೆನ್ನಾಗಿಯೇ ಇತ್ತು. ಜಯಲಕ್ಷ್ಮಮ್ಮ ಗಂಡನ ತೋಳು ಹಿಡಿದರು. ಮಂಚಯ್ಯ ಬಿಡಿಸಿಕೊಳ್ಳಲು ಹೋಗಿ, ಬಾಗಿಲಿಗೆ ಬಂದು ನಿಂತವರನ್ನು ಕಂಡು ಸುಮ್ಮನಾದರು. ಆಮೇಲೆ ಒಂದು ಕಾಲು ಮುಂದಿಟ್ಟು, ಮೆಟ್ಟಿಲು ಎಲ್ಲಿದೆಯೆಂದು ಪಾದದಲ್ಲಿ ತಡಕಿದರು.