ಹಟ್ಟಿ ತಪ್ಪಿದ ಓಟು

ಹರಿಯಬ್ಬೆ ಕಡೆಯ ಆ ಕುರಿಗಾರರ ಹಟ್ಟಿಯಲ್ಲಿ ಓಟು ಎನ್ನುವುದು ಒಬ್ಬೊಬ್ಬರ ಸ್ವಂತದ ಮಾತಲ್ಲ. ಚುನಾವಣೆ ಹತ್ತಿರ ಬಂದಾಗ ಯಜಮಾನ ಚಿತ್ತಯ್ಯ ಗುಡಿಯ ಮುಂದೆ ಕರಿ ಕಂಬಳಿ ಹಾಸುತ್ತಾನೆ. ಯಾರಿಗೆ ಓಟು ಎಂದು ಜಗಳವಾಡುವಷ್ಟು ಆಡಿ, ಕೊನೆಗೆ ಎಲ್ಲರೂ ಕಂಬಳಿ ಮುಟ್ಟುತ್ತಾರೆ. ಮುಟ್ಟಿದ ಮೇಲೆ ಮುಗಿಯಿತು, ಹಟ್ಟಿಯ ಓಟೆಲ್ಲ ಒಂದೇ ಗುರುತಿಗೆ. ಟೀವಿಯಲ್ಲಿ ಅಲೆ, ಒಳಸುಳಿ ಎಂದು ಗಂಟಲು ಹರಿದುಕೊಳ್ಳುವ ಪಂಡಿತರು ಒಮ್ಮೆ ಆ ಕಂಬಳಿಯ ಪಕ್ಕ ಬಂದು ಕೂರಬೇಕು.

ಕಾಟಪ್ಪನಿಗೆ ಬುದ್ಧಿ ಬಂದಾಗಿನಿಂದ ಹಟ್ಟಿ ಒತ್ತಿದ್ದು ಒಂದೇ ಗುರುತು. ಈ ಸಲ ಮಾತ್ರ, ಹಿರಿಯೂರಿನಲ್ಲಿ ಪುಢಾರಿಗಳ ಹಿಂದೆ ಓಡಾಡಿಕೊಂಡಿದ್ದ ರಂಗೇಶ ಎದುರು ಪಕ್ಷದವರನ್ನು ಕರೆತಂದು ಹಟ್ಟಿಗೆ ಟಾರು ರಸ್ತೆ ಮಾಡಿಸುವ ಮಾತು ಕೊಡಿಸಿದ. ರಸ್ತೆಯ ಆಸೆ ಯಾರಿಗಿಲ್ಲ? ಹಟ್ಟಿ ಕಂಬಳಿ ಮುಟ್ಟಿ ಮಗ್ಗುಲು ಬದಲಿಸಿತು. ಅವತ್ತು ಕಾಟಪ್ಪ ಅಲ್ಲಿರಲಿಲ್ಲ. ರಾಮಗಿರಿ ಗುಡ್ಡದ ಕೆಳಗೆ, ಕೊಯ್ಲಾದ ಹೊಲವೊಂದರಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನು ಹಟ್ಟಿಯಲ್ಲಿ ಇದ್ದದ್ದಕ್ಕಿಂತ ಕುರಿಗಳ ಹಿಂದೆ ಇದ್ದದ್ದೇ ಹೆಚ್ಚು.

ಓಟಿನ ದಿನ ಮಂದೆಯನ್ನು ಜೊತೆಗಾರನಿಗೆ ಒಪ್ಪಿಸಿ ಹೊಳಲ್ಕೆರೆಗೊಂದು ಬಸ್ಸು, ದುರ್ಗಕ್ಕೊಂದು, ಹಿರಿಯೂರಿಗೊಂದು ಹತ್ತಿ ಇಳಿದು ಬಂದ. ಹಟ್ಟಿಯ ಮಾತಿಗೆ ತನ್ನದೊಂದು ಓಟು ಕಡಿಮೆಯಾಗಬಾರದೆಂಬುದೇ ಅವನ ಹಟ. ಹಟ್ಟಿ ತಲುಪಿದಾಗ ಬೂತು ಮುಚ್ಚುವ ಹೊತ್ತು. ಶಾಲೆಯ ಗೇಟಿನ ಬಳಿ ರಂಗೇಶ ಚೀಟಿ ಕೈಗಿಟ್ಟ.

"ಗೊತ್ತಲ್ಲ ಮಾವ?"

"ಗೊತ್ತಿಲ್ದೆ ಏನಪ್ಪ."

ಪೊಲೀಸಿನವನು ನಿಂತಿದ್ದರಿಂದ ಅದಕ್ಕಿಂತ ಹೆಚ್ಚು ಮಾತಾಡುವಂತಿರಲಿಲ್ಲ. ಕಾಟಪ್ಪ ಒಳಗೆ ಹೋಗಿ, ಹಟ್ಟಿ ಎಂದಿನಿಂದಲೂ ಒತ್ತುತ್ತಿದ್ದ ಗುರುತನ್ನೇ ಒತ್ತಿ, ಕೊನೆಯ ಬಸ್ಸಿಗೆ ಓಡಿದ.

ಎಣಿಕೆಯಲ್ಲಿ ಹಟ್ಟಿಯ ಅಭ್ಯರ್ಥಿ ಗೆದ್ದ. ಆದರೆ ಹಟ್ಟಿಯ ಬೂತಿನಲ್ಲಿ ಹಳೆಯ ಗುರುತಿಗೂ ಒಂದು ಓಟು ಬಿದ್ದಿತ್ತು. ಆ ಒಂದು ಓಟು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಎಲ್ಲರನ್ನೂ ಕಾಡಿತು. ಕಂಬಳಿ ಮುಟ್ಟಿದವರು ತಪ್ಪಲಾರರು. ಮುಟ್ಟದೆ ಉಳಿದವನು ಒಬ್ಬನೇ. "ಗೊತ್ತಲ್ಲ ಅಂತ ನಾನೇ ಕೇಳಿದೆ, ಗೊತ್ತು ಅಂದ್ನಲ್ಲ ಕಳ್ಳ!" ಎಂದು ರಂಗೇಶ ಸಾರಿದ.

ಮುಂಗಾರಿಗೆ ಮೊದಲು ಕಾಟಪ್ಪ ಮಂದೆ ಹೊಡೆದುಕೊಂಡು ಹಟ್ಟಿಗೆ ಬಂದ. ಉಣ್ಣೆ ಕತ್ತರಿಸುವ ಕೆಲಸ ಅಲ್ಲಿ ಮುಯ್ಯಾಳಿನದು. ಇವತ್ತು ನಿನ್ನ ಕುರಿಗೆ ನಾನು, ನಾಳೆ ನನ್ನ ಕುರಿಗೆ ನೀನು. ಕತ್ತರಿ ಮಸೆದು, ಕುರಿ ಮೈತೊಳೆದು, ಆಳುಗಳಿಗಾಗಿ ಕಾದ. ಯಾರೂ ಬರಲಿಲ್ಲ. ಕೂಗಿದರೆ ಓಗೊಡಲಿಲ್ಲ. ಸಂಜೆಯವರೆಗೂ ಒಬ್ಬನೇ ಕತ್ತರಿಸಿದ. ಹಿಡಿದುಕೊಳ್ಳುವವರಿಲ್ಲದೆ ಕುರಿಗಳು ಕೊಸರಿದವು, ಒಂದೆರಡಕ್ಕೆ ಗಾಯವೂ ಆಯಿತು. ಅವನಿಗೆ ಅಳು ಬಂತು.

ಕೊನೆಗೆ ಅತ್ತಿಗೆ ನಾಗಕ್ಕ ಬಂದು ನಡೆದದ್ದನ್ನು ಹೇಳಿದಳು. ಕೇಳುತ್ತ ಕೇಳುತ್ತ ಕಾಟಪ್ಪನ ಕೈ ನಿಂತೇ ಹೋಯಿತು.

"ಗುರುತು ಬದಲಾಗೈತೆ ಅಂತ ನಂಗೆ ಯಾರು ಹೇಳಿದ್ರು ಅತ್ತಿಗೆ?"

"ರಂಗೇಶ ಫೋನ್ ಮಾಡಿರ್ತಾನೆ ಅಂದ್ಕಂಡೆ."

"ನೀನು?"

ನಾಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಟಪ್ಪನ ಫೋನಿಗೆ ಚಾರ್ಜಿತ್ತು, ಸಿಗ್ನಲ್ಲೂ ಇತ್ತು. ರಾಮಗಿರಿಯಲ್ಲಿದ್ದಷ್ಟು ದಿನವೂ ಕರೆನ್ಸಿ ಹಾಕಿಸು ಎನ್ನುವ ಕಂಪನಿಯವರನ್ನು ಬಿಟ್ಟರೆ ಅದಕ್ಕೆ ಯಾರೂ ಕರೆ ಮಾಡಿರಲಿಲ್ಲ. ರಂಗೇಶ ಹೇಳಿರುತ್ತಾನೆಂದು ನಾಗಕ್ಕ, ನಾಗಕ್ಕ ಹೇಳಿರುತ್ತಾಳೆಂದು ರಂಗೇಶ, ಇಬ್ಬರಲ್ಲಿ ಒಬ್ಬರು ಹೇಳಿರುತ್ತಾರೆಂದು ಚಿತ್ತಯ್ಯ.

"ನಾಳೆ ಕಟ್ಟೆ ಮ್ಯಾಲೆ ಇದನ್ನೇ ಹೇಳಪ್ಪ. ನಿಂದೇನೂ ತಪ್ಪಿಲ್ಲ, ಬಿಟ್ಬಿಡ್ತಾರೆ," ಎಂದಳು ನಾಗಕ್ಕ.

ಮರುದಿನ ಬೆಳಿಗ್ಗೆ ಕಟ್ಟೆಯಲ್ಲಿ ಹಟ್ಟಿಯೇ ನೆರೆದಿತ್ತು. ಚಿತ್ತಯ್ಯ ಕೇಳಿದ: "ಏನ್ಲೇ ಕಾಟ, ಗೊತ್ತಿದ್ದೂ ಒತ್ತಿದ್ಯೋ, ಗೊತ್ತಿಲ್ದೆ ಒತ್ತಿದ್ಯೋ?"

ನಾಗಕ್ಕ ಹೇಳು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಕಾಟಪ್ಪ ಬಾಯಿ ತೆರೆದ. ಗೊತ್ತಿರಲಿಲ್ಲ ಎಂದರೆ ಮುಂದೇನಾಗುತ್ತದೆಂದು ಅವನಿಗೆ ಕಾಣಿಸಿತು. ಅಯ್ಯೋ ಪಾಪ, ಮರೆತೇ ಹೋಗಿತ್ತಲ್ಲ, ಎಂದು ಯಾರೋ ಲೊಚಗುಟ್ಟುತ್ತಾರೆ. ಇನ್ನ್ಯಾರೋ ನಗುತ್ತಾರೆ. ಇಡೀ ಹಟ್ಟಿ ಕಂಬಳಿ ಸುತ್ತ ಕೂತು, ಇಂಥವನೊಬ್ಬ ಇದ್ದಾನೆ, ಬಂದಿಲ್ಲ ಎಂದು ಒಬ್ಬರೂ ನೆನೆಯಲಿಲ್ಲ ಎಂಬುದು ಹತ್ತು ಜನರ ಮುಂದೆ ರುಜುವಾತಾಗುತ್ತದೆ. ಅದನ್ನು ತನ್ನ ಬಾಯಿಂದಲೇ ಹೇಳುವುದಕ್ಕಿಂತ ಸಾಯುವುದು ಮೇಲೆನ್ನಿಸಿತು.

"ಗೊತ್ತಿತ್ತು. ಬೇಕಂತ್ಲೇ ಒತ್ತಿದೆ," ಎಂದ.

ಕಟ್ಟೆ ಹೋ ಎಂದಿತು. ಹಟ್ಟಿಗೆಲ್ಲ ಒಂದು ಟಗರಿನ ಊಟ ಹಾಕಬೇಕು, ಕಂಬಳಿ ಮುಟ್ಟಿ ತಪ್ಪಾಯಿತು ಅನ್ನಬೇಕು ಎಂದು ಚಿತ್ತಯ್ಯ ತೀರ್ಪು ಕೊಟ್ಟ. ಕಾಟಪ್ಪ ಇದ್ದುದರಲ್ಲೇ ಒಳ್ಳೆಯ ಟಗರನ್ನು ಆರಿಸಿ ಕೊಟ್ಟ.

ಮಧ್ಯಾಹ್ನ ಪಂಕ್ತಿಯ ನಡುವೆ ಅವನನ್ನೂ ಕೂರಿಸಿಕೊಂಡು ಉಂಡರು. ಮನೆಮುರುಕ ಕಾಟ, ದ್ರೋಹಿ ಕಾಟಪ್ಪ, ಇನ್ನೊಂದು ಸಲ ಹಿಂಗೆ ಮಾಡಿದ್ರೆ ನೋಡು ಕಾಟಣ್ಣ, ಎಂದು ಬಾಯಿ ತುಂಬ ಬೈದರು. ಎಷ್ಟೋ ವರ್ಷದಿಂದ ಅಷ್ಟು ಜನ ಅವನ ಹೆಸರು ಹಿಡಿದು ಕರೆದಿರಲಿಲ್ಲ. ಅವನು ತಲೆ ತಗ್ಗಿಸಿ, ಇನ್ನೊಂದಿಷ್ಟು ಸಾರು ಹಾಕಿಸಿಕೊಂಡ.