ಹಾಳೆಯ ಮೇಲಿನ ಏಣಿ

ಮನೆಗೆ ಬಣ್ಣ ಹೊಡೆಸುವವರಿಗೆಲ್ಲ ಒಂದೇ ತಲೆನೋವು. ಗೋಡೆ ಚೆನ್ನಾಗಿ ಬರುತ್ತದೆ, ನೆಲ ಹಾಳಾಗುತ್ತದೆ. ಬಣ್ಣದವರು ಹೋದ ಮೇಲೆ ಮನೆಯವರು ಬ್ಲೇಡು ಹಿಡಿದು, ಮಂಡಿಯೂರಿ ಕೂತು, ನೆಲಕ್ಕೆ ಅಂಟಿದ ಹನಿಗಳನ್ನು ಕೆರೆಯಬೇಕು. ಆದರೆ ಈ ಬೀದಿಯ ಮೇಸ್ತ್ರಿ ಬಣ್ಣ ಹೊಡೆದು ಹೋದರೆ ನೆಲದ ಮೇಲೆ ಒಂದು ಹನಿಯೂ ಕಾಣಿಸುವುದಿಲ್ಲ. ಅದಕ್ಕೇ ಜನ ಅವರನ್ನು ಹನಿ ಮೇಸ್ತ್ರಿ ಎಂದು ಕರೆಯುತ್ತಾರೆ. ಹನಿ ಬೀಳಿಸದವರಿಗೆ ಹನಿಯದೇ ಹೆಸರು ಯಾಕೆ ಎಂದು ಕೇಳಬೇಡಿ. ಜನರ ಬಾಯಿಗೆ ಬೀಗ ಹಾಕುವವರು ಯಾರು?

ಮೇಸ್ತ್ರಿಯ ಗುಟ್ಟು ದೊಡ್ಡದೇನಲ್ಲ. ಒಳಗೆ ಕಾಲಿಡುತ್ತಲೇ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಗೋಡೆಯಿಂದ ಗೋಡೆಗೆ ಸುಕ್ಕಿಲ್ಲದ ಹಾಗೆ ಹಾಸುತ್ತಾರೆ. ಹಾಳೆಯ ಮೇಲೆ ಏಣಿ ಇಡುತ್ತಾರೆ. ಏಣಿಯ ಬುಡದಲ್ಲಿ ಅವರ ಹೆಂಡತಿ ನಿಲ್ಲುತ್ತಾರೆ. ಮದುವೆಯಾದಾಗಿನಿಂದಲೂ ಹೀಗೇ, ಅವರು ಮೇಲೆ, ಇವರು ಕೆಳಗೆ.

"ನಮ್ಮ ಸಂಸಾರ ನಡೆದದ್ದೇ ಏಣಿ ಮೇಲೆ," ಎಂದು ಮೇಸ್ತ್ರಿ ಹೆಮ್ಮೆಯಿಂದ ಹೇಳುತ್ತಾರೆ.

"ನಿಮ್ಮದು ಏಣಿ ಮೇಲೆ, ನನ್ನದು ನೆಲದ ಮೇಲೆ. ಕೆಲಸ ಆದ್ಮೇಲೆ ಗುಡಿಸಿದವಳೂ ನಾನೇ," ಎಂದು ಹೆಂಡತಿ ಸೇರಿಸುತ್ತಾರೆ.

ಊರವರ ಗೋಡೆಗಳೆಲ್ಲ ಮಿಂಚಿದರೂ ಮೇಸ್ತ್ರಿಯ ಸ್ವಂತ ಮನೆಯ ಗೋಡೆಗೆ ಮಾತ್ರ ಪುರುಸೊತ್ತು ಸಿಕ್ಕಿರಲಿಲ್ಲ. ಈ ಸಲ ಮಗ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ. ಬಗ್ಗಿದರೆ ಮುಖ ಕಾಣುವಂಥ ಟೈಲ್ಸ್. ಅಂಥ ನೆಲದ ಪಕ್ಕದಲ್ಲಿ ಮಾಸಿದ ಗೋಡೆ ಕಂಡು ಮೇಸ್ತ್ರಿಗೇ ನಾಚಿಕೆಯಾಯಿತು. ಒಂದು ರಜೆಯ ದಿನ ಬೆಳಿಗ್ಗೆ, ಎಂದಿನಂತೆ ಹಾಳೆ ಹಾಸಿ, ಹೆಂಡತಿಯನ್ನು ಬುಡದಲ್ಲಿ ನಿಲ್ಲಿಸಿ, ಮಹಡಿ ಮೆಟ್ಟಿಲಿನ ಪಕ್ಕದ ಎತ್ತರದ ಗೋಡೆಗೆ ಏಣಿ ಒರಗಿಸಿ ಹತ್ತಿಯೇಬಿಟ್ಟರು.

ಅವರ ಸೊಸೆಗೆ ಕಾರ್ಖಾನೆಯೊಂದರಲ್ಲಿ ಕೆಲಸ. ಬೀಳದ ಹಾಗೆ, ಸುಟ್ಟುಕೊಳ್ಳದ ಹಾಗೆ, ಕೈ ಸಿಕ್ಕಿಸಿಕೊಳ್ಳದ ಹಾಗೆ ದುಡಿಯುವುದು ಹೇಗೆಂದು ಅಲ್ಲಿನ ಕೆಲಸಗಾರರಿಗೆ ಹೇಳಿಕೊಡುತ್ತಾಳೆ. ಅಲ್ಲಿ ಗಡ್ಡ ನರೆತವರೂ ಅವಳ ಮಾತಿಗೆ ತಲೆಯಾಡಿಸುತ್ತಾರೆ. ಮನೆಯಲ್ಲಿ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಅವಳು ಚಹಾ ಹಿಡಿದು ಬರುವಾಗ ಏಣಿಯ ಕಾಲು ಹಾಳೆಯ ಮೇಲೆ ಒಂದು ಬೆರಳಗಲ ಜರುಗಿದ್ದನ್ನು ಕಂಡಳು.

"ಮಾವ, ಸ್ವಲ್ಪ ಕೆಳಗೆ ಇಳೀತೀರಾ?"

"ಅಲ್ಲೇ ಇಡಮ್ಮ. ಈ ಪಟ್ಟಿ ಮುಗಿಸಿ ಬಂದು ಕುಡೀತೀನಿ."

"ಚಹಾಕ್ಕಲ್ಲ ಮಾವ. ಏಣಿ ಈಗ ಜರುಗಿತು."

"ಜರುಗಿಲ್ಲ, ಕೂತ್ಕೊಳ್ತಾ ಇದೆ. ಹೊಸ ಜಾಗ ಅಲ್ವಾ, ಮೈ ಸರಿ ಮಾಡ್ಕೊಳ್ಳುತ್ತೆ. ನಿಮ್ಮತ್ತೆ ಹಿಡಿದಿದ್ದಾಳಲ್ಲ."

"ಇಳೀರಿ, ಚಹಾ ಆರುತ್ತೆ," ಎಂದರು ಹೆಂಡತಿ. ಬಿಸಿ ಚಹಾದ ವಿಷಯದಲ್ಲಿ ಮೇಸ್ತ್ರಿ ಯಾರೊಂದಿಗೂ ವಾದ ಮಾಡುವವರಲ್ಲ. ಗೊಣಗುತ್ತಲೇ ಇಳಿದರು.

ಅಡುಗೆಮನೆಯಲ್ಲಿ ಸೊಸೆ ಒಂದು ಸ್ಟೀಲ್ ತಟ್ಟೆ ತಂದು, ಅದರ ಮೇಲೆ ಸಕ್ಕರೆ ಡಬ್ಬಿ ಇಟ್ಟು ಮಾವನ ಕೈಗೆ ಕೊಟ್ಟಳು.

"ಒಂದು ಕಡೆಯಿಂದ ನಿಧಾನವಾಗಿ ಎತ್ತಿ."

"ಪಾಠನಾ? ನನ್ನ ಕೂದಲು ಬಿಸಿಲಿಗೆ ಬೆಳ್ಳಗಾಗಿದ್ದಲ್ಲ ಕಣಮ್ಮ, ಸುಣ್ಣ ಬಿದ್ದೂ ಅಲ್ಲ," ಎಂದರೂ ಮೇಸ್ತ್ರಿ ತಟ್ಟೆ ಎತ್ತಿದರು. ಡಬ್ಬಿ ಅಲುಗಲಿಲ್ಲ. ಇನ್ನಷ್ಟು ಎತ್ತಿದರು. ಆಗಲೂ ಅಲುಗಲಿಲ್ಲ. "ನೋಡು, ಎಷ್ಟು ಗಟ್ಟಿ..." ಎನ್ನುವಷ್ಟರಲ್ಲಿ ಡಬ್ಬಿ ಸರ್ರನೆ ಜಾರಿ ಅವರ ತೊಡೆಯ ಮೇಲೆ ಬಂದು ಕೂತಿತು. ಮುಚ್ಚಳ ಭದ್ರವಾಗಿದ್ದದ್ದು ಪುಣ್ಯ.

"ಜಾರೋ ಮುಂಚೆ ಡಬ್ಬಿ ಏನಾದ್ರೂ ಹೇಳ್ತಾ ಮಾವ?"

"ಡಬ್ಬಿ ಏನು ಹೇಳುತ್ತೆ?"

"ಏನೂ ಹೇಳಲ್ಲ. ಈಗ ಇನ್ನೊಂದ್ಸಲ. ಜಾರೋಕೆ ಕೂದಲೆಳೆ ಬಾಕಿ ಇರೋವಷ್ಟು ಎತ್ತಿ ನಿಲ್ಲಿಸಿ."

ಮೇಸ್ತ್ರಿ ನಿಲ್ಲಿಸಿದರು. ಅವರ ಕೈ ನಡುಗದ ಕೈ, ಬ್ರಷ್ ಹಿಡಿದ ಕೈ. ಡಬ್ಬಿ ಅಲ್ಲಾಡದೆ ನಿಂತಿತು. ಸೊಸೆ ಅದನ್ನು ಬೆರಳ ತುದಿಯಿಂದ ತಟ್ಟಿದಳು, ಅಷ್ಟೇ. ಡಬ್ಬಿ ತಟ್ಟೆಯ ಕೊನೆಯವರೆಗೂ ಜಾರಿಹೋಯಿತು.

"ನೀವು ತಟ್ಟೆ ಇನ್ನಷ್ಟು ಎತ್ತಲಿಲ್ಲ. ಡಬ್ಬಿ ಭಾರನೂ ಹೆಚ್ಚಾಗಲಿಲ್ಲ. ಮತ್ಯಾಕೆ ಅಲ್ಲೇ ನಿಲ್ಲಲಿಲ್ಲ?"

ಮೇಸ್ತ್ರಿ ತಟ್ಟೆಯ ಅಡಿ ನೋಡಿದರು, ಮೇಲೆ ನೋಡಿದರು.

"ಜಾರದ ಹಾಗೆ ಹಿಡಿದಿಡೋದು ಘರ್ಷಣೆ. ನಿಂತಿರೋ ವಸ್ತುವಿನ ಹಿಡಿತಕ್ಕೆ ಸ್ಥಾಯಿ ಘರ್ಷಣೆ ಅಂತಾರೆ. ಅದು ಬಲು ಧಾರಾಳಿ. ಸ್ವಲ್ಪ ತಳ್ಳಿದ್ರೆ ಸ್ವಲ್ಪ ಹಿಡಿಯುತ್ತೆ, ಜಾಸ್ತಿ ತಳ್ಳಿದ್ರೆ ಜಾಸ್ತಿ ಹಿಡಿಯುತ್ತೆ. ಆದ್ರೆ ಅದಕ್ಕೂ ಒಂದು ಮಿತಿ ಇದೆ. ಆ ಮಿತಿ ದಾಟಿದ್ರೆ ಜಾರೋಕೆ ಶುರು. ಶುರುವಾದ ಮೇಲೆ ಉಳಿಯೋ ಹಿಡಿತ ಜಾರು ಘರ್ಷಣೆ. ಅದು ಮೊದಲಿನ ಮಿತಿಗಿಂತ ಕಮ್ಮಿ. ಅದಕ್ಕೇ ಜಾರಿದ್ದು ಜಾರ್ತಾನೇ ಹೋಗೋದು."

"ಅಂದ್ರೆ ನಿಮ್ಮತ್ತೆ ಥರ," ಎಂದರು ಮೇಸ್ತ್ರಿ. "ಸುಮ್ಮನಿರ್ತಾಳೆ, ಸುಮ್ಮನಿರ್ತಾಳೆ, ಒಂದ್ಸಲ ಬಾಯಿ ತೆಗೆದಳೋ, ಮುಗೀತು."

"ಬಾಯಿ ತೆಗೆದಿದ್ದಕ್ಕೇ ನಿಮಗೆ ಚಹಾ ಬಿಸಿಯಾಗಿ ಸಿಕ್ಕಿದ್ದು," ಎಂದರು ಹೆಂಡತಿ.

ಸೊಸೆಗೆ ನಗು ಬಂತು, ಆದರೆ ವಿಷಯ ಬಿಡಲಿಲ್ಲ. "ನೀವು ಕೆಳಗಿನ ಮೆಟ್ಟಿಲಲ್ಲಿ ಇದ್ದಾಗ ಏಣಿ ಬುಡ ಹೊರಕ್ಕೆ ತಳ್ಳೋದು ಕಮ್ಮಿ ಮಾವ. ಮೇಲೆ ಹೋದಷ್ಟೂ ಜಾಸ್ತಿ ತಳ್ಳುತ್ತೆ. ಕೆಳಗಿದ್ದಾಗ ಗಟ್ಟಿ ಅನ್ನಿಸಿದ ಏಣಿ ನೀವು ತುದೀಲಿರುವಾಗ ಜಾರುತ್ತೆ. ಸಾಲದ್ದಕ್ಕೆ ನುಣುಪು ಟೈಲ್ಸ್, ಟೈಲ್ಸ್ ಮೇಲೆ ನುಣುಪು ಹಾಳೆ. ಹಿಡಿಯೋಕೆ ಅಲ್ಲಿ ಏನಿದೆ?"

"ಇಷ್ಟು ವರ್ಷ ಜಾರಿಲ್ಲವಲ್ಲ?"

"ಆಗಿನ ನೆಲ ಒರಟು. ಹಾಳೆ ಅದಕ್ಕೆ ಕಚ್ಚಿಕೊಳ್ತಿತ್ತು. ಈಗ ಎಲ್ಲರ ಮನೇಲೂ ಕನ್ನಡಿ ಥರ ನೆಲ."

ಈ ಮಾತು ಮೇಸ್ತ್ರಿಗೆ ತಾಗಿತು. ಆದರೆ ಸೊಸೆಯ ಮುಂದೆ ಅಷ್ಟು ಬೇಗ ಸೋಲೊಪ್ಪುವುದು ಹೇಗೆ? "ನಿನ್ನ ಡಬ್ಬಿಗೆ ಹಿಡಿಯೋರು ಇಲ್ಲ ಕಣಮ್ಮ. ನನ್ನ ಏಣಿಗೆ ನಿಮ್ಮತ್ತೆ ಇದ್ದಾಳೆ. ಜಾರಿದ್ರೆ ಅವಳು ತಡೀತಾಳೆ."

ಸೊಸೆ ಒಂದು ಕ್ಷಣ ಅತ್ತೆಯ ಕಡೆ ನೋಡಿದಳು. ಆಮೇಲೆ ಹೇಳಿದಳು, "ಹಾಗಾದ್ರೆ ಇವತ್ತು ಅತ್ತೆ ಬೇಡ. ನೀವೇ ತಡೆದು ತೋರಿಸಿ."

ಮಗನನ್ನು ಕರೆದರು. ಗೋಡೆಗೆ ಮೆತ್ತುವ ಪುಟ್ಟಿಯ ಒಂದು ಮೂಟೆಯನ್ನು ಏಣಿಗೆ ಕಟ್ಟಬೇಕು, ಅದು ಮೇಸ್ತ್ರಿಯ ಬದಲಿಗೆ. "ಗಂಟು ಹಾಕೋದಷ್ಟೇ ನನ್ನ ಕೆಲಸ. ನಿಮ್ಮಿಬ್ಬರ ಜಗಳಕ್ಕೆ ನನ್ನ ಎಳೀಬೇಡಿ," ಎಂದು ಮಗ ಮೊದಲೇ ಹೇಳಿಬಿಟ್ಟ. ಮೂಟೆ ಬೀಳುವ ಕಡೆ, ಗೋಡೆಯ ಬುಡಕ್ಕೆ ಹಳೆಯ ಹಾಸಿಗೆ ಹಾಕಿದರು. ಮಾವನನ್ನು ಏಣಿಯ ಎದುರಿಗೆ ನಿಲ್ಲಲು ಸೊಸೆ ಬಿಡಲಿಲ್ಲ. ಪಕ್ಕದಲ್ಲಿ ನಿಂತೇ ಏಣಿಯ ಕಾಲು ಹಿಡಿಯಬೇಕು ಎಂದಳು. ಅತ್ತೆ ದಿನಾ ನಿಲ್ಲುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟಳು.

ಮೂಟೆಯನ್ನು ಮೊದಲು ಏಣಿಯ ಕೆಳಗಿನ ಮೆಟ್ಟಿಲಿಗೆ ಕಟ್ಟಿದರು. ಏಣಿ ಬಂಡೆಯ ಹಾಗೆ ನಿಂತಿತು. ಮೇಸ್ತ್ರಿ ಮೀಸೆಯಲ್ಲೇ ನಕ್ಕರು.

ಆಮೇಲೆ ಮಗ ಮೂಟೆ ಹೊತ್ತು ಮಹಡಿ ಮೆಟ್ಟಿಲು ಹತ್ತಿ, ಕಟಾಂಜನದ ಕಂಬಿಯ ಪಕ್ಕದಿಂದ ಏಣಿಯ ಮೇಲಿನ ಮೆಟ್ಟಿಲಿಗೆ ಕಟ್ಟಿ, ನಿಧಾನವಾಗಿ ಕೈ ಬಿಟ್ಟ. ಮೇಸ್ತ್ರಿ ಎರಡೂ ಕೈಯಲ್ಲಿ ಏಣಿಯ ಕಾಲನ್ನು ಬಿಗಿಯಾಗಿ ಹಿಡಿದಿದ್ದರು. ಏಣಿ ನಿಂತಿತು.

"ನೋಡಿದ್ಯಾ?" ಎಂದರು.

"ಕೆಲಸದಲ್ಲಿ ನೀವು ಕೈ ಚಾಚ್ತೀರಲ್ಲ ಮಾವ, ಅಷ್ಟು ಅಲ್ಲಾಡಿಸ್ತೀನಿ," ಎಂದು ಸೊಸೆ ತಾನೂ ಮಹಡಿ ಮೆಟ್ಟಿಲು ಹತ್ತಿ, ಮೇಲಿನಿಂದ ಮೂಟೆಯನ್ನು ಮೆಲ್ಲಗೆ ತೂಗಿದಳು.

ಏಣಿಯ ಕಾಲು ಹೊರಟಿತು. ಮೇಸ್ತ್ರಿ ಹಲ್ಲು ಕಚ್ಚಿ ಎಳೆದರು. ಹೊರಟದ್ದು ನಿಲ್ಲಲಿಲ್ಲ. ಅವರ ಪಾದಗಳೂ ಅದೇ ಹಾಳೆಯ ಮೇಲಿದ್ದವು, ಅವೂ ಜಾರಿದವು. ಕೈ ತಪ್ಪಿತು. ಏಣಿಯ ಬುಡ ಸ್ಟೂಲಿಗೆ ಬಡಿದು, ಅದನ್ನು ಎದುರಿನ ಗೋಡೆಯವರೆಗೂ ನೂಕಿಕೊಂಡು ಹೋಯಿತು. ಮೂಟೆ ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದು ಬಿಳಿ ಧೂಳು ಎದ್ದಿತು.

ಧೂಳು ಇಳಿದಾಗ ಮೇಸ್ತ್ರಿ ಕೆಳಗೆ ಕೂತಿದ್ದರು. ಸ್ಟೂಲಿನ ಎರಡು ಕಾಲು ಮುರಿದಿದ್ದವು. ಅವರು ಆ ಸ್ಟೂಲನ್ನೇ ನೋಡಿದರು. ತಾವು ಬೀಳಬಹುದೆಂದು ಅವರಿಗೆ ಯಾವಾಗಲೂ ಗೊತ್ತಿತ್ತು. ಬಣ್ಣದವನಿಗೆ ಅದು ಇದ್ದದ್ದೇ. ಆದರೆ ಕೆಳಗೆ ನಿಂತವಳ ಲೆಕ್ಕವನ್ನು ಅವರು ಒಂದು ದಿನವೂ ಹಾಕಿರಲಿಲ್ಲ.

"ಇಷ್ಟು ವರ್ಷ ನೀನು ಅಲ್ಲೇ ನಿಲ್ತಿದ್ದೆ," ಎಂದರು ಹೆಂಡತಿಗೆ.

"ಹೂಂ."

"ಹಿಡಿದ್ರೆ ನಿಲ್ಲುತ್ತೆ ಅಂತ ನಂಬಿದ್ಯಾ?"

"ನನ್ನ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿದೆ ರೀ? ನಿಲ್ಲಲ್ಲ ಅಂತ ಗೊತ್ತಿತ್ತು."

"ಮತ್ಯಾಕೆ ನಿಲ್ತಿದ್ದೆ?"

ಅವರು ಸೆರಗಿನಿಂದ ಗಂಡನ ತಲೆಯ ಮೇಲಿನ ಧೂಳು ಒರೆಸಿದರು. "ಬಿದ್ರೆ ನೆಲದ ಮೇಲೆ ಬೀಳೋದು ಬೇಡ, ನನ್ನ ಮೇಲೆ ಬೀಳ್ಲಿ ಅಂತ."

ಮೇಸ್ತ್ರಿ ಎದ್ದರು, ಬಗ್ಗಿದರು, ಗೋಡೆಯಿಂದ ಗೋಡೆಗೆ ಹಾಸಿದ್ದ ಹಾಳೆಯನ್ನು ತಾವೇ ಸುತ್ತಿ ಮೂಲೆಗಿಟ್ಟರು.

"ಹಾಳೆ ಪೂರ್ತಿ ಬೇಡ ಅಂತಲ್ಲ ಮಾವ," ಎಂದು ಸೊಸೆ ಮೆಲ್ಲಗೆ ಹೇಳಿದಳು. "ಸುತ್ತ ಹಾಸಿ. ಏಣಿ ಕಾಲಿನ ಜಾಗ ಮತ್ತೆ ನಿಲ್ಲೋ ಜಾಗ ಬರಿ ನೆಲ ಇರಲಿ, ಒರೆಸಿ ಒಣಗಿರಲಿ. ಏಣಿ ಕಾಲಿನ ರಬ್ಬರ್ ಸವೆದುಹೋಗಿದೆ, ಹೊಸದು ಹಾಕಿಸೋಣ. ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ದೂರ, ಆ ಲೆಕ್ಕದಲ್ಲಿ ಒರಗಿಸಿ. ತುದಿಯನ್ನ ಗಟ್ಟಿಯಾದ ಯಾವುದಕ್ಕಾದ್ರೂ ಕಟ್ಟಿ."

"ಬರಿ ನೆಲದ ಮೇಲೆ ಹನಿ ಬಿದ್ರೆ?"

"ಬಿದ್ರೆ ನಾನು ಒರೆಸ್ತೀನಿ ಬಿಡಿ," ಎಂದರು ಹೆಂಡತಿ.

"ನೀನಲ್ಲ. ನಾನು ಒರೆಸ್ತೀನಿ."

ಹಾಗೇ ಆಯಿತು. ಈಗ ಮೇಸ್ತ್ರಿ ಬೇರೆಯವರ ಮನೆಯಲ್ಲಿ ಕೆಲಸ ಮಾಡುವಾಗ ಏಣಿಯ ತುದಿಗೆ ಹಗ್ಗ ಕಟ್ಟುತ್ತಾರೆ. ಹೆಂಡತಿ ದೂರದಲ್ಲಿ ಕೂತು ಬಣ್ಣ ಕಲಸುತ್ತಾ ಅದು ತೆಳುವಾಯಿತು, ಇದು ಗಟ್ಟಿಯಾಯಿತು ಎಂದು ತಕರಾರು ಹೇಳುತ್ತಾರೆ. ಒಮ್ಮೊಮ್ಮೆ ನೆಲದ ಮೇಲೆ ಹನಿ ಬೀಳುತ್ತದೆ. ಮೇಸ್ತ್ರಿ ಇಳಿದು ಬಂದು, ಒದ್ದೆ ಬಟ್ಟೆ ಹಿಡಿದು ಒರೆಸುತ್ತಾರೆ. ಹೆಸರು ಕೆಟ್ಟಿತೇ ಎಂದು ಯಾರೋ ರೇಗಿಸಿದಾಗ, "ಹೆಸರಿಗೆ ಮೂಳೆ ಇಲ್ಲ, ಮುರಿದ್ರೂ ಪರವಾಗಿಲ್ಲ," ಎಂದರಂತೆ.

ಅಣ್ಣಂದಿರೇ, ಅಕ್ಕಂದಿರೇ, ಏಣಿ ನಿಮ್ಮ ಮನೆಯಲ್ಲೂ ಇದೆ. ಬಲ್ಬು ಹಾಕಲು, ಅಟ್ಟ ಹತ್ತಲು, ಟ್ಯಾಂಕು ನೋಡಲು ನೀವೂ ಹತ್ತುತ್ತೀರಿ. ಇದುವರೆಗೆ ಜಾರಿಲ್ಲ ಎಂದರೆ ಮುಂದೆಯೂ ಜಾರುವುದಿಲ್ಲ ಎಂದು ಅರ್ಥವಲ್ಲ. ಮಿತಿ ಇನ್ನೂ ದಾಟಿಲ್ಲ, ಅಷ್ಟೇ. ದಾಟಿದ ಮೇಲೆ ಯಾರ ಕೈಯೂ ತಡೆಯಲಾರದು. ಆದ್ದರಿಂದ ಹತ್ತುವ ಮುಂಚೆ ಏಣಿಯ ಕಾಲಿನ ಅಡಿ ಏನಿದೆ ನೋಡಿ. ಹಾಳೆ, ಬಟ್ಟೆ, ನೀರು, ಧೂಳು, ಏನಿದ್ದರೂ ತೆಗೆಯಿರಿ. ತುದಿ ಕಟ್ಟಿ. ಏಣಿ ಹಿಡಿಯುತ್ತೇನೆಂದು ಎದುರಿಗೆ ಬಂದು ನಿಂತವರನ್ನು ಪಕ್ಕಕ್ಕೆ ಕಳಿಸಿ. ಅವರು ಯಾಕೆ ನಿಂತಿದ್ದಾರೆಂದು ಅವರು ನಿಮಗೆ ಹೇಳುವುದಿಲ್ಲ.